ಹಾಲಿನ ಪುಡಿ ಡಬ್ಬಿ ಕಳ್ಸೋಕೆ ಮುಂಚೆ

ಒಂಬತ್ತು ತಿಂಗಳ ಮಗೂಗೆ ದಡಾರ-ರುಬೆಲ್ಲಾ ತಡೆಯೋ ಎಂ.ಆರ್. ಇಂಜೆಕ್ಷನ್ ಹಾಕ್ಸೋಕೆ ಬಂದಿದ್ದ ತಾಯಿ ಹೊರಡೋ ಹೊತ್ತಿಗೆ ಕೇಳಿದ್ರು, "ಡಾಕ್ಟ್ರೇ, ಗಾಜಾ ಮಕ್ಳಿಗೆ ಅಂತ ನಮ್ ಅಪಾರ್ಟ್‌ಮೆಂಟಲ್ಲಿ ಹಾಲಿನ ಪುಡಿ ಡಬ್ಬಿ ಸೇರಿಸ್ತಿದೀವಿ, ಯಾವ್ ಕಂಪನೀದು ಒಳ್ಳೇದು?" ಆಗ್ಲೇ ಹದಿನಾಲ್ಕು ಡಬ್ಬಿ ಬಂದಿತ್ತಂತೆ. ರಾತ್ರಿ ಮಗೂಗೆ ಹಾಲು ಕುಡಿಸ್ತಾ ಫೋನಲ್ಲಿ ಆ ಮಕ್ಳನ್ನ ನೋಡಿದ್ಮೇಲೆ ನಿದ್ದೇನೇ ಬರಲ್ಲ ಅಂದ್ರು. ಆ ಸಂಕಟ ನಂಗೂ ಗೊತ್ತು, ಆದ್ರೂ ಡಬ್ಬಿ ಬೇಡ ಅಂದೆ.

ಯಾಕಂದ್ರೆ ಪುಡಿ ಕಲಸೋಕೆ ನೀರು ಬೇಕು, ಅದನ್ನ ಕುದಿಸೋಕೆ ಗ್ಯಾಸೋ ಸೌದೆಯೋ ಬೇಕು, ಬಾಟ್ಲಿ ತೊಳೆಯೋಕೆ ಇನ್ನಷ್ಟು ನೀರು ಬೇಕು, ಯುದ್ಧ ನಡೆಯೋ ಕಡೆ ಇಲ್ಲದೇ ಇರೋದೇ ಇವು. ಕೊಳಕು ನೀರಲ್ಲಿ ಕಲಸಿದ್ರೆ ಭೇದಿ, ಮೊದ್ಲೇ ಸೊರಗಿರೋ ಕೂಸಿಗೆ ಎರಡು ದಿನದ ಭೇದಿ ಸಾಕು. 2006ರಲ್ಲಿ ಇಂಡೋನೇಷ್ಯಾದ ಯೋಗ್ಯಕರ್ತಾ ಕಡೆ ಭೂಕಂಪ ಆದಾಗ ಹಿಂಗೇ ಡಬ್ಬಿಗಳ ರಾಶಿ ಬಂತು, ಆಮೇಲೆ ಲೆಕ್ಕ ಹಾಕಿದ್ರೆ ದಾನದ ಪುಡಿ ಸಿಕ್ಕಿದ್ದ ಮಕ್ಳಲ್ಲಿ ಭೇದಿ ಉಳಿದವ್ರಿಗಿಂತ ಎರಡು ಪಟ್ಟಿತ್ತು. ನಮ್ ದೇಶದಲ್ಲಂತೂ 1992ರ ಕಾಯ್ದೆ ಪ್ರಕಾರ ಅನಾಥಾಲಯ ಬಿಟ್ಟು ಬೇರೆ ಯಾರಿಗೂ ಇದನ್ನ ದಾನ ಮಾಡೋ ಹಾಗೇ ಇಲ್ಲ, ಎಷ್ಟೋ ಡಾಕ್ಟ್ರಿಗೇ ಗೊತ್ತಿಲ್ಲ ಬಿಡಿ.

ತಾಯಿ ಇಲ್ಲದ ಕೂಸಿಗೆ ಪುಡಿ ಬೇಕೇ ಬೇಕು, ಗಾಜಾದಲ್ಲಿ ಅದಕ್ಕೂ ಪರದಾಡಿದ್ದಾರೆ, ಆದ್ರೆ ಅದನ್ನ ಅಲ್ಲಿನ ಆರೋಗ್ಯ ಸಿಬ್ಬಂದಿ ನೀರಿನ ವ್ಯವಸ್ಥೆ ಸಮೇತ ಮಗು ನೋಡಿ ಕೊಡ್ಬೇಕು. ತಾಯಿ ಇದ್ರೆ ಮೊದ್ಲು ತಾಯಿಗೆ ಊಟ ಹಾಕ್ಬೇಕು. ಭಯಕ್ಕೆ ಹಾಲು ಬತ್ತೋಯ್ತು ಅಂತ ನಮ್ಮಲ್ಲೂ ಅಜ್ಜಿಯಂದ್ರು ಅಂತಾರಲ್ಲ, ಭಯಕ್ಕೆ ಹಾಲು ಇಳಿಯೋದು ಸ್ವಲ್ಪ ಹೊತ್ತು ತಡ ಆಗಬಹುದು ಅಷ್ಟೇ, ಮಗು ಚೀಪ್ತಾ ಇದ್ರೆ ಮತ್ತೆ ಬರುತ್ತೆ.

ಆಮೇಲೆ ಡ್ರಾಯರಿಂದ ಮಕ್ಳ ತೋಳಿನ ಸುತ್ತಳತೆ ನೋಡೋ ಟೇಪು ತೆಗೆದೆ, ನಮ್ ಅಂಗನವಾಡಿ ಟೀಚರ್ ಹತ್ರ ಇರುತ್ತಲ್ಲ, ಹಸಿರು ಹಳದಿ ಕೆಂಪು ಇರೋದು, ಅದೇ. ಅವ್ರ ಮಗು ತೋಳಿಗೆ ಸುತ್ತಿದ್ರೆ 14 ಸೆಂಟಿಮೀಟರ್, ಹಸಿರು. ಬಿಚ್ಚಿ, ಖಾಲಿ ಟೇಪನ್ನ 11.5ಕ್ಕೆ ಎಳೆದು ಅವ್ರ ಕೈಗೆ ಕೊಟ್ಟೆ, ಅದಕ್ಕಿಂತ ಕಮ್ಮಿ ಆದ್ರೆ ಕೆಂಪು, ಅಂದ್ರೆ ತೀವ್ರ ಅಪೌಷ್ಟಿಕತೆ. ಕೂಸಿನ ಬಳೆಯಷ್ಟಿತ್ತು ಆ ಸುತ್ತು. ಅದ್ರೊಳಗೆ ಎರಡು ಬೆರಳು ಹಾಕ್ಕೊಂಡು ಸುಮ್ನೆ ಕೂತ್ರು. 2025ರ ಆಗಸ್ಟಲ್ಲಿ ಗಾಜಾದಲ್ಲಿ ಕ್ಷಾಮ ಅಂತ ಘೋಷಿಸಿದಾಗ ಆಧಾರವಾಗಿ ತಗೊಂಡ ಅಂಕಿಗಳಲ್ಲಿ ಈ ತೋಳಿನ ಅಳತೆನೂ ಒಂದು. ಅದಕ್ಕೆ ಒಂದು ವರ್ಷ ಮುಂಚೆ ಸುಡಾನಿನ ಝಮ್‌ಝಮ್ ನಿರಾಶ್ರಿತರ ಶಿಬಿರದಲ್ಲೂ ಕ್ಷಾಮ ಅಂದಿದ್ರು, ಅದ್ರ ರೀಲ್ಸ್ ಯಾರ್ ಫೋನಿಗೂ ಬರ್ಲಿಲ್ಲ ಅನ್ಸುತ್ತೆ.

ಕೆಂಪಿಗೆ ಬಂದು ತೀರಾ ನಿತ್ರಾಣ ಆಗಿರೋ ಮಗೂಗೆ ಒಂದೇ ಸಲ ಹೊಟ್ಟೆ ತುಂಬ ಕೊಡೋ ಹಾಗಿಲ್ಲ, ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್ ಕುಸಿದು ಹೃದಯನೇ ನಿಂತೋಗಬಹುದು, ಹಂಗಾಗಿ ಆಸ್ಪತ್ರೇಲಿ ಎರಡು ಮೂರು ಗಂಟೆಗೊಂದ್ಸಲ ಸ್ವಲ್ಪ ಸ್ವಲ್ಪ ತೆಳು ಹಾಲು. ಸ್ವಲ್ಪ ಚೇತರಿಸಿಕೊಂಡ ಮೇಲೆ 92 ಗ್ರಾಂ ಪ್ಯಾಕೆಟ್ಟು, ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ ಅರೆದ ಪೇಸ್ಟು, 500 ಕ್ಯಾಲರಿ, ನಮ್ ಶೇಂಗಾ ಉಂಡೆ ಬಳಗದ್ದೇ. ಕಲಸೋಕೆ ನೀರೇ ಬೇಡ, ಮೂಲೆ ಹರಿದು ಕೊಟ್ರೆ ಮಗುನೇ ಚೀಪುತ್ತೆ. ದುಡ್ಡು ಸೇರ್ಸಿ ಇಂಥ ಕೆಲಸ ಮಾಡೋರಿಗೆ ಕೊಡಿ ಅಂದೆ.

ಮುಂದಿನ ವಾರ ಆ ತಾಯಿ ಮೆಸೇಜ್ ಹಾಕಿದ್ರು, ಮೆಡಿಕಲ್ ಶಾಪಿನವ್ರು ಹನ್ನೆರಡು ಡಬ್ಬಿ ವಾಪಸ್ ತಗೊಂಡ್ರಂತೆ, ಎರಡಕ್ಕೆ ಬಿಲ್ ಸಿಗ್ಲಿಲ್ವಂತೆ.