ಮಿಂಟ್‌ನಲ್ಲಿ ಕೆಳಗಿನ ಪಟ್ಟಿ ಮಾಯವಾದರೆ ಫಾರ್ಮ್ಯಾಟ್ ಮಾಡಿಸಬೇಕೇ?

ಪ್ರಶ್ನೆ: ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿತಲ್ಲ, ಹಳೇ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಮಿಂಟ್ ಸಿನಮನ್ ಹಾಕಿಸಿದೆ. ಈಗ ಆಗಾಗ ಕೆಳಗಿನ ಪಟ್ಟಿ ಮಾಯವಾಗುತ್ತೆ. ಮೌಸ್ ಓಡಾಡುತ್ತೆ, ಆದರೆ ಎಲ್ಲಿ ಒತ್ತಿದರೂ ಏನೂ ತೆರೆಯಲ್ಲ. ಅಂಗಡಿಯವರು ಫಾರ್ಮ್ಯಾಟ್ ಅಂತಾರೆ. ಮಾಡಿಸಲೇಬೇಕಾ? (ವಿದ್ಯಾನಗರ, ದಾವಣಗೆರೆ)

ಉತ್ತರ: ಬೇಡ. ಸಿಪಿಯು ಹೊತ್ತುಕೊಂಡು ಪಿ.ಬಿ. ರಸ್ತೆಗೆ ಹೋಗುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಮಿಂಟ್‌ನಲ್ಲಿ ನೀವು ನೋಡುವ ಪಟ್ಟಿ, ಮೆನು, ಕಿಟಕಿಗಳ ಅಂಚು ಎಲ್ಲವನ್ನೂ ನಡೆಸುವುದು ಸಿನಮನ್ ಎಂಬ ಬೇರೆಯದೇ ಪ್ರೋಗ್ರಾಮ್. ಅದು ಬಿದ್ದರೂ ಕೆಳಗಿನ ಲಿನಕ್ಸ್ ಗಟ್ಟಿಯಾಗಿಯೇ ನಡೆಯುತ್ತಿರುತ್ತದೆ. ಮೌಸ್ ಓಡಾಡುತ್ತಿದೆ ಎಂದರೆ ನಿಮ್ಮಲ್ಲಿ ಬಹುತೇಕ ಆಗಿರುವುದು ಇದೇ.

ಮೊದಲು ಕಂಟ್ರೋಲ್, ಆಲ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಸಿನಮನ್ ಮಾತ್ರ ಮತ್ತೆ ಶುರುವಾಗುತ್ತದೆ. ಪರದೆ ಒಮ್ಮೆ ಮಿಣುಕಿ ಪಟ್ಟಿ ಬರುತ್ತದೆ, ತೆರೆದಿಟ್ಟ ಲಿಬ್ರೆಆಫೀಸ್ ಕಡತವೂ ಹಾಗೇ ಇರುತ್ತದೆ. ‘ಫಾಲ್‌ಬ್ಯಾಕ್ ಮೋಡ್’ ಎಂದು ಸಂದೇಶ ಬಂದು ಮತ್ತೆ ಶುರು ಮಾಡಲೇ ಎಂದು ಕೇಳಿದರೆ ‘ಯೆಸ್’ ಒತ್ತಿ.

ಇದರಿಂದ ಆಗದಿದ್ದರೆ ಕಂಟ್ರೋಲ್, ಆಲ್ಟ್, ಎಫ್1. ಕಪ್ಪು ಪರದೆಯಲ್ಲಿ ಲಾಗಿನ್ ಕೇಳುತ್ತದೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕಿ ಕೂಡ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿದೆ ಎಂದು ಹೊಸಬರು ಕೈಬಿಡುವುದು ಇಲ್ಲಿಯೇ. ಟೈಪ್ ಮಾಡಿ ಎಂಟರ್ ಒತ್ತಿ. ಆಮೇಲೆ ಡಿ, ಎಫ್, ಒಂದು ಸ್ಪೇಸ್, ಒಂದು ಹೈಫನ್, ಎಚ್ ಎಂದು ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಬರೆದು ಎಂಟರ್. ಕೊನೆಯ ಕಾಲಮ್‌ನಲ್ಲಿ ಬರೀ ಒಂದು ಓರೆಗೆರೆ ಇರುವ ಸಾಲು ಹುಡುಕಿ. ಅದರಲ್ಲಿ 100% ಎಂದಿದ್ದರೆ ರೋಗ ಸಿಕ್ಕಿತು: ಡಿಸ್ಕ್ ತುಂಬಿದೆ. ಬರೆಯಲು ಜಾಗವಿಲ್ಲದೆ ಡೆಸ್ಕ್‌ಟಾಪ್ ಬೀಳುತ್ತದೆ, ಕೆಲವೊಮ್ಮೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಲಾಗಿನ್ ಪರದೆಗೇ ವಾಪಸ್ ತಂದು ನಿಲ್ಲಿಸುತ್ತದೆ.

ಸಣ್ಣ ಡಿಸ್ಕ್‌ಗಳಲ್ಲಿ ಜಾಗ ತಿನ್ನುವುದು ಹೆಚ್ಚಾಗಿ ಮಿಂಟ್‌ನ ಬ್ಯಾಕಪ್ ಪ್ರೋಗ್ರಾಮ್ ಟೈಮ್‌ಶಿಫ್ಟ್ ತೆಗೆದಿಟ್ಟ ಸ್ನ್ಯಾಪ್‌ಶಾಟ್‌ಗಳು, ಅಂದರೆ ಸಿಸ್ಟಮ್‌ನ ಹಳೆಯ ಪ್ರತಿಗಳು. ಅದೇ ಕಪ್ಪು ಪರದೆಯಲ್ಲಿ ‘ಸುಡೊ’ (ಎಸ್, ಯು, ಡಿ, ಒ), ಸ್ಪೇಸ್, ‘ಟೈಮ್‌ಶಿಫ್ಟ್’, ಸ್ಪೇಸ್, ಎರಡು ಹೈಫನ್, ಅದಕ್ಕಂಟಿಸಿ ‘ಡಿಲೀಟ್’ ಎಂದು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಕೊಟ್ಟರೆ ಸ್ನ್ಯಾಪ್‌ಶಾಟ್‌ಗಳ ಪಟ್ಟಿ ಬರುತ್ತದೆ. ಹಳೆಯದನ್ನು ಆರಿಸಿ ಅಳಿಸಿ, ತೀರಾ ಇತ್ತೀಚಿನದೊಂದನ್ನು ಉಳಿಸಿಕೊಳ್ಳಿ. ಡೆಸ್ಕ್‌ಟಾಪ್ ಬಂದ ಮೇಲೆ ಟೈಮ್‌ಶಿಫ್ಟ್ ತೆರೆದು ದಿನದ ಪ್ರತಿಗಳನ್ನು ಎರಡಕ್ಕೆ ಇಳಿಸಿ. ಚಿತ್ರದ ಪರದೆಗೆ ಮರಳಲು ಕಂಟ್ರೋಲ್, ಆಲ್ಟ್, ಎಫ್7.

ಕಪ್ಪು ಪರದೆಯೇ ಬಾರದಷ್ಟು ಗಟ್ಟಿಯಾಗಿ ನಿಂತಿದೆಯೇ? ದಯವಿಟ್ಟು ಸ್ವಿಚ್ ಕೀಳಬೇಡಿ. ಕಡತಗಳು ಹಾಳಾಗುವ ಅಪಾಯವಿದೆ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದುಕೊಂಡು ಎಸ್, ಯು, ಬಿ ಕೀಗಳನ್ನು ಕೆಲವು ಸೆಕೆಂಡು ಬಿಟ್ಟು ಒಂದೊಂದಾಗಿ ಒತ್ತಿ. ಎಸ್ ಬಾಕಿ ಬರಹವನ್ನು ಡಿಸ್ಕ್‌ಗೆ ಇಳಿಸುತ್ತದೆ, ಯು ಡಿಸ್ಕನ್ನು ಓದಲು ಮಾತ್ರ ಎಂಬ ಸ್ಥಿತಿಗೆ ತರುತ್ತದೆ, ಬಿ ರೀಸ್ಟಾರ್ಟ್ ಮಾಡುತ್ತದೆ.

ಡಿಸ್ಕ್‌ನಲ್ಲಿ ಜಾಗವಿದ್ದೂ ಪಟ್ಟಿ ಪದೇಪದೇ ಬಿದ್ದರೆ ಲಾಗಿನ್ ಪರದೆಯಲ್ಲಿ ‘ಸಾಫ್ಟ್‌ವೇರ್ ರೆಂಡರಿಂಗ್’ ಎಂದಿರುವ ಸಿನಮನ್ ಆರಿಸಿ ಒಳಹೋಗಿ. ಅದು ಗ್ರಾಫಿಕ್ಸ್ ಚಿಪ್ ನೆರವಿಲ್ಲದೆ ಪರದೆ ಮೂಡಿಸುತ್ತದೆ. ಅದರಲ್ಲಿ ನೆಟ್ಟಗಿದ್ದರೆ ಆ ಚಿಪ್ ನಡೆಸುವ ಪ್ರೋಗ್ರಾಮ್, ಅಂದರೆ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಪಡಿ. ಡ್ರೈವರ್ ಮ್ಯಾನೇಜರ್‌ನಲ್ಲಿ ‘ರೆಕಮೆಂಡೆಡ್’ ಎಂದಿರುವುದನ್ನು ಹಾಕಿ ನೋಡಿ. ಅದರಲ್ಲೂ ಬಿದ್ದರೆ ‘ಯೂಸರ್ಸ್ ಅಂಡ್ ಗ್ರೂಪ್ಸ್’ನಲ್ಲಿ ಹೊಸ ಬಳಕೆದಾರರನ್ನು ಸೇರಿಸಿ ಆ ಹೆಸರಲ್ಲಿ ಒಳಹೋಗಿ. ಹೊಸ ಖಾತೆಯಲ್ಲಿ ಸರಿ ಇದೆ ಎಂದರೆ ತಪ್ಪಿರುವುದು ನಿಮ್ಮ ಖಾತೆಯ ಸೆಟ್ಟಿಂಗ್‌ನಲ್ಲಿ, ಹೆಚ್ಚಾಗಿ ಸಿನಮನ್‌ಗೆ ನೀವೇ ಸೇರಿಸಿದ ಆ್ಯಪ್ಲೆಟ್ ಅಥವಾ ಎಕ್ಸ್‌ಟೆನ್ಷನ್ ಎಂಬ ಯಾವುದೋ ಸಣ್ಣ ಪ್ರೋಗ್ರಾಮ್‌ನಲ್ಲಿ. ಕೊನೆಗೆ ಸೇರಿಸಿದ್ದನ್ನು ಮೊದಲು ತೆಗೆಯಿರಿ. ಆಗಲೂ ನಿಲ್ಲದಿದ್ದರೆ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಟ್ರಬಲ್‌ಶೂಟ್’ ಒಳಗೆ ‘ರಿಸ್ಟೋರ್ ಆಲ್ ಸೆಟ್ಟಿಂಗ್ಸ್ ಟು ಡಿಫಾಲ್ಟ್’ ಕೊಡಿ. ಪಟ್ಟಿಯ ಜೋಡಣೆ, ಥೀಮ್ ಮೊದಲಿನಂತಾಗುತ್ತವೆ. ನಿಮ್ಮ ಫೋಟೊ, ಪತ್ರ, ಲೆಕ್ಕದ ಹಾಳೆ ಯಾವುದಕ್ಕೂ ಅದು ಕೈ ಹಾಕುವುದಿಲ್ಲ.