ತಾಳಿ ಕಟ್ಟಿದ ದಿನವಲ್ಲ, ನೋಂದಣಿಯ ದಿನ: ವಿದೇಶಿ ಸಂಗಾತಿಯ ವೀಸಾ ಲೆಕ್ಕ

ಭಾರತೀಯರನ್ನು ಮದುವೆಯಾದ ಮಾತ್ರಕ್ಕೆ ವಿದೇಶಿಯರಿಗೆ ಇಲ್ಲಿ ನೆಲೆಸುವ ಹಕ್ಕು ತಾನಾಗಿ ಬಂದುಬಿಡುವುದಿಲ್ಲ. ಮದುವೆಯೆಂಬುದು ವೀಸಾ ಕೇಳಲು ಒಂದು ಆಧಾರ. ಆ ಆಧಾರವನ್ನು ಕಾಗದದ ಮೇಲೆ ತೋರಿಸಬೇಕು, ಕೊಟ್ಟ ಅವಧಿ ಮುಗಿಯುವ ಮುಂಚೆ ವಿಸ್ತರಣೆಗೆ ಅರ್ಜಿ ಹಾಕಬೇಕು, ಮನೆ ಬದಲಾದರೆ ತಿಳಿಸಬೇಕು. ಬೆಂಗಳೂರಿನಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದು ಶಾಂತಿನಗರ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ, ಎಲ್ಲರ ಬಾಯಲ್ಲಿ ಎಫ್‌ಆರ್‌ಆರ್‌ಒ. 2018ರಲ್ಲಿ ಇ-ಎಫ್‌ಆರ್‌ಆರ್‌ಒ ಪೋರ್ಟಲ್ ಬಂದ ಮೇಲೆ ಅರ್ಜಿ, ದಾಖಲೆ, ಶುಲ್ಕ ಎಲ್ಲವೂ ಆನ್‌ಲೈನ್. ಕಚೇರಿಯವರು ಕರೆದರೆ ಮಾತ್ರ ಹೋದರೆ ಸಾಕು.

ಅರ್ಜಿಗಳು ಎಡವುವುದು ಕಾನೂನಿನ ದೊಡ್ಡ ಪ್ರಶ್ನೆಗಳಲ್ಲಿ ಅಲ್ಲ. ಮೊದಲ ತಪ್ಪು ಮದುವೆಯ ವಾರದಲ್ಲೇ ಆಗಿಹೋಗಿರುತ್ತದೆ. ದೇವಸ್ಥಾನದಲ್ಲಿ ತಾಳಿ ಕಟ್ಟಿ, ಛತ್ರದಲ್ಲಿ ಆರತಕ್ಷತೆ ಮುಗಿಸಿ, ನೋಂದಣಿಯನ್ನು ‘ಆಮೇಲೆ ನೋಡಿಕೊಳ್ಳೋಣ’ ಎಂದು ಬಿಟ್ಟಿರುತ್ತಾರೆ. ಆ ‘ಆಮೇಲೆ’ ಒಂದೂವರೆ ವರ್ಷವಾದರೆ, ಒಸಿಐ ಕಾರ್ಡ್ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ: ಪೌರತ್ವವಲ್ಲ, ಪದೇ ಪದೇ ವೀಸಾ ವಿಸ್ತರಿಸದೆ ಇಲ್ಲಿ ನೆಲೆಸಲು ಕೊಡುವ ಕಾರ್ಡ್) ಕೂಡ ಒಂದೂವರೆ ವರ್ಷ ತಡ. ಪೌರತ್ವ ಕಾಯ್ದೆಯ 7ಎ ಕಲಮಿನ ಪ್ರಕಾರ, ಭಾರತೀಯರ ಅಥವಾ ಒಸಿಐ ಕಾರ್ಡುದಾರರ ವಿದೇಶಿ ಸಂಗಾತಿ ಒಸಿಐಗೆ ಅರ್ಜಿ ಹಾಕಬೇಕಾದರೆ ಮದುವೆ ನೋಂದಣಿಯಾಗಿ, ಅರ್ಜಿಯ ದಿನಕ್ಕೆ ಹಿಂದಿನ ಎರಡು ವರ್ಷ ನಿರಂತರವಾಗಿ ಊರ್ಜಿತದಲ್ಲಿರಬೇಕು. ಎರಡು ವರ್ಷದ ಎಣಿಕೆ ನೋಂದಣಿ ಪತ್ರದ ತಾರೀಖಿನಿಂದ. ಲಗ್ನಪತ್ರಿಕೆ, ಫೋಟೊ ಆಲ್ಬಂ, ಪುರೋಹಿತರ ಸಹಿ ಯಾವುದೂ ಆ ತಾರೀಖನ್ನು ಹಿಂದಕ್ಕೆ ಎಳೆಯುವುದಿಲ್ಲ.

ಯಾವ ಕಾಯ್ದೆಯಡಿ ನೋಂದಣಿ ಎಂಬುದೂ ಅಷ್ಟೇ ಮುಖ್ಯ. ಹಿಂದೂ ವಿವಾಹ ಕಾಯ್ದೆ ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ ಅನ್ವಯಿಸುತ್ತದೆ. ಸಪ್ತಪದಿ ತುಳಿದ ಮಾತ್ರಕ್ಕೆ ಕ್ರೈಸ್ತ ಮನೆತನದ ಜರ್ಮನ್ ಹುಡುಗ ಆ ಕಾಯ್ದೆಯೊಳಗೆ ಬರುವುದಿಲ್ಲ. ಅಂಥ ಜೋಡಿಗೆ ಸರಿಯಾದ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ನೋಟಿಸ್ ಕೊಡುವ ಮುಂಚೆ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು. ಬೆಂಗಳೂರಿನ ಹುಡುಗಿ ಅಥವಾ ಹುಡುಗ ಇದ್ದೇ ಇರುತ್ತಾರಾದ್ದರಿಂದ ಇದು ಸಾಮಾನ್ಯವಾಗಿ ತೊಡಕಲ್ಲ. ನೋಟಿಸ್ ಪ್ರಕಟವಾದ ಮೇಲೆ ಆಕ್ಷೇಪಣೆಗೆ 30 ದಿನ. ಬಳಿಕ ಮೂವರು ಸಾಕ್ಷಿಗಳ ಮುಂದೆ ಮದುವೆ. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ನೋಟಿಸ್ ಸತ್ತಂತೆ, ಮತ್ತೆ ಮೊದಲಿನಿಂದ ಶುರು. ವಿದೇಶಿ ಸಂಗಾತಿ ಅವಿವಾಹಿತರೆಂದು ಅವರ ದೇಶದ ರಾಯಭಾರ ಕಚೇರಿ ಕೊಡುವ ಪತ್ರವನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳುತ್ತಾರೆ. ವಿಚ್ಛೇದಿತರಾಗಿದ್ದರೆ ಆ ತೀರ್ಪಿನ ಪ್ರತಿ. ಇವೆಲ್ಲವನ್ನೂ ಕೂಡಿಸಿ ನೋಡಿದರೆ, 30 ದಿನದ ಇ-ಪ್ರವಾಸಿ ವೀಸಾ ಹಿಡಿದು ಬಂದವರಿಗೆ ಲೆಕ್ಕ ಹೊಂದುವುದೇ ಇಲ್ಲ.

ಶಾಸ್ತ್ರೋಕ್ತವಾಗಿ ಮದುವೆ ಆಗಿಹೋಗಿದೆ, ಈಗ ಏನು ಮಾಡುವುದು ಎನ್ನುವವರಿಗೆ ಅದೇ ಕಾಯ್ದೆಯ 15ನೇ ಕಲಮಿದೆ. ಬೇರೆ ವಿಧಿಯಲ್ಲಿ ನಡೆದ ಮದುವೆಯನ್ನು ಅದರಡಿ ನೋಂದಾಯಿಸಬಹುದು. ಆದರೆ ಇಲ್ಲಿ ಷರತ್ತು ಬೇರೆ: ಅರ್ಜಿಗೆ ಮುಂಚಿನ 30 ದಿನ ಇಬ್ಬರೂ ಆ ಜಿಲ್ಲೆಯಲ್ಲೇ ವಾಸವಿರಬೇಕು, ನೋಂದಣಿಯ ಹೊತ್ತಿಗೆ ಇಬ್ಬರಿಗೂ 21 ತುಂಬಿರಬೇಕು, ಮದುವೆಯಾದಾಗಿನಿಂದ ಗಂಡ ಹೆಂಡತಿಯಾಗಿ ಕೂಡಿ ಬಾಳುತ್ತಿರಬೇಕು. ಇದಕ್ಕೂ 30 ದಿನದ ನೋಟಿಸ್ ಉಂಟು. ವಿದೇಶದಲ್ಲೇ ನೋಂದಣಿಯಾಗಿದ್ದರೆ ಅಲ್ಲಿಂದ ಹೊರಡುವ ಮುಂಚೆ ಪ್ರಮಾಣಪತ್ರಕ್ಕೆ ಅಪೊಸ್ಟೈಲ್ (ದಾಖಲೆ ಅಸಲಿ ಎಂದು ಆ ದೇಶದ ಸರ್ಕಾರ ಹಾಕುವ, ಒಪ್ಪಂದದ ಬೇರೆ ದೇಶಗಳಲ್ಲೂ ನಡೆಯುವ ಮುದ್ರೆ) ಮಾಡಿಸಿ. ಆ ದೇಶ ಅಪೊಸ್ಟೈಲ್ ಒಪ್ಪಂದದಲ್ಲಿ ಇಲ್ಲದಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಬೇಕು. ಬೇರೆ ಭಾಷೆಯಲ್ಲಿದ್ದರೆ ಇಂಗ್ಲಿಷ್ ಅನುವಾದ. ಇಲ್ಲಿಗೆ ಬಂದ ಮೇಲೆ ಅದೇ ಕಾಗದಕ್ಕಾಗಿ ಸಮುದ್ರದಾಚೆಗೆ ಕೊರಿಯರ್ ಕಳಿಸುತ್ತ ಕೂರುವುದು ವೀಸಾ ಅವಧಿಯನ್ನು ತಿನ್ನುತ್ತದೆ.

ಇನ್ನು ವೀಸಾ. ಭಾರತೀಯರ ಸಂಗಾತಿಗೆ ಸಲ್ಲುವುದು ಎಂಟ್ರಿ ವೀಸಾ, ಅಂದರೆ ಎಕ್ಸ್ ವೀಸಾ. ಎಲ್ಲಕ್ಕಿಂತ ನಿರಾಳವಾದ ದಾರಿಯೆಂದರೆ ಮದುವೆ ಪತ್ರ ಕೈಗೆ ಬಂದ ಮೇಲೆ ತಮ್ಮ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲೇ ಅದನ್ನು ಪಡೆದು ಬರುವುದು. ಇಲ್ಲಿದ್ದುಕೊಂಡೇ ಬೇರೆ ವೀಸಾವನ್ನು ಎಕ್ಸ್ ವೀಸಾಗೆ ಬದಲಿಸಿಕೊಳ್ಳಲು ನಿಯಮದಲ್ಲಿ ಅವಕಾಶ ಇದೆ. ಆದರೆ ಅದು ಪರಿಶೀಲನೆಗೆ ಒಳಪಟ್ಟ ಅನುಮತಿ. ಕೇಳಿದ ತಕ್ಷಣ ಕೊಡಬೇಕಾದ್ದಲ್ಲ. ಇ-ವೀಸಾಗಳಂತೂ ಸಾಮಾನ್ಯ ನಿಯಮದಲ್ಲಿ ವಿಸ್ತರಣೆಗೂ ಬದಲಾವಣೆಗೂ ಸಿಗುವಂಥವಲ್ಲ. ಹಾಗಾಗಿ ‘ಪ್ರವಾಸಿಯಾಗಿ ಬಂದುಬಿಡಲಿ, ಇಲ್ಲಿ ಏನಾದರೂ ಮಾಡೋಣ’ ಎಂಬ ಯೋಜನೆಯನ್ನು ಯಾರೂ ನೆಚ್ಚಿಕೊಳ್ಳಬಾರದು.

ಬೆಂಗಳೂರಿನ ಕಂಪನಿಯಲ್ಲಿ ಎಂಪ್ಲಾಯ್‌ಮೆಂಟ್ ವೀಸಾ ಮೇಲೆ ದುಡಿಯುತ್ತಿರುವವರು ಮದುವೆಯಾದ ಕೂಡಲೇ ವೀಸಾ ಬದಲಿಸಬೇಕಾಗಿಲ್ಲ. ಬದಲಿಸಿದರೆ ಕೆಲಸಕ್ಕೇ ಕುತ್ತು, ಏಕೆಂದರೆ ಎಕ್ಸ್ ವೀಸಾ ಮೇಲೆ ಸಂಬಳದ ನೌಕರಿ ಮಾಡುವಂತಿಲ್ಲ. ಕೆಲಸ ಬಿಡುವ ಯೋಚನೆ ಇದ್ದರೆ ಮಾತ್ರ, ಕಂಪನಿಯ ಕೊನೆಯ ದಿನಕ್ಕೆ ಮುಂಚೆಯೇ ಎಕ್ಸ್ ವೀಸಾಗೆ ಅರ್ಜಿ ಹಾಕಿ. ನೌಕರಿ ಹೋದ ಮೇಲೆ ಆ ವೀಸಾದ ಅಡಿಪಾಯವೇ ಇರುವುದಿಲ್ಲ.

ಬದಲಾವಣೆಗೂ ವಿಸ್ತರಣೆಗೂ ದಾಖಲೆಗಳ ತಿರುಳು ಒಂದೇ: ಪಾಸ್‌ಪೋರ್ಟ್ ಮತ್ತು ಚಾಲ್ತಿ ವೀಸಾದ ಪ್ರತಿ, ನೋಂದಾಯಿತ ವಿವಾಹ ಪ್ರಮಾಣಪತ್ರ, ಭಾರತೀಯ ಸಂಗಾತಿಯ ಪಾಸ್‌ಪೋರ್ಟ್ ಅಥವಾ ಗುರುತಿನ ದಾಖಲೆ, ವಾಸದ ಪುರಾವೆ, ಮತ್ತೆ ಭಾರತೀಯ ಸಂಗಾತಿ ಬರೆದುಕೊಡುವ ಇಂಡೆಮ್ನಿಟಿ ಬಾಂಡ್. ಈ ಬಾಂಡ್ ಛಾಪಾ ಕಾಗದದ ಮೇಲೆ, ನೋಟರಿ ಸಹಿಯೊಂದಿಗೆ. ವಿದೇಶಿ ಸಂಗಾತಿಯ ಜೀವನ ನಿರ್ವಹಣೆಯ, ಅಗತ್ಯ ಬಿದ್ದರೆ ವಾಪಸ್ ಕಳಿಸುವ ಖರ್ಚಿನ ಹೊಣೆ ತನ್ನದು ಎಂದು ಅದರಲ್ಲಿ ಒಪ್ಪಿಕೊಳ್ಳುತ್ತೀರಿ. ಓದಿ ಸಹಿ ಹಾಕಿ.

ಈ ಕಾಗದಗಳೆಲ್ಲ ಸುಲಭವಾಗಿ ಕೂಡುತ್ತವೆ. ಕೂಡದಿರುವುದು ಹೆಸರು, ವಿಳಾಸ. ನಮ್ಮ ಕಡೆ ಇನಿಷಿಯಲ್ ಇರುವುದರಿಂದಲೇ ಎಷ್ಟೋ ಅರ್ಜಿಗಳು ವಾಪಸ್ ಬರುತ್ತವೆ. ಉದಾಹರಣೆಗೆ, ಆಧಾರ್‌ನಲ್ಲಿ ‘ಕವಿತಾ ಎಚ್ ಎಸ್’, ಮಾರ್ಕ್ಸ್‌ಕಾರ್ಡ್‌ನಲ್ಲಿ ‘ಎಚ್.ಎಸ್. ಕವಿತಾ’, ಪಾಸ್‌ಪೋರ್ಟ್‌ನಲ್ಲಿ ಊರು ಮತ್ತು ಅಪ್ಪನ ಹೆಸರು ಬಿಡಿಸಿ ‘ಕವಿತಾ ಹೊಳಲ್ಕೆರೆ ಶ್ರೀನಿವಾಸ’, ಮದುವೆ ಪತ್ರದಲ್ಲಿ ಬರೀ ‘ಕವಿತಾ’. ಊರಿನವರಿಗೆ ಇದು ಒಬ್ಬಳೇ ಹುಡುಗಿ. ಪರದೆಯ ಮೇಲೆ ಹೋಲಿಸಿ ನೋಡುವ ಅಧಿಕಾರಿಗೆ ಇದು ನಾಲ್ಕು ಹೆಸರು. ವಿದೇಶಿ ಸಂಗಾತಿಯ ಕಡೆಯಿಂದಲೂ ಇದೇ ಗೋಳು: ಮೂರು ಪದದ ಹೆಸರಿನ ನಡುವಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟೈಪ್ ಮಾಡುವವರು ಬಿಟ್ಟಿರುತ್ತಾರೆ, ಅಥವಾ ಹುಟ್ಟಿದ ದಿನದ ದಿನಾಂಕ ತಿಂಗಳು ಅದಲುಬದಲಾಗಿರುತ್ತದೆ. ಅಮೆರಿಕದ ದಾಖಲೆಗಳಲ್ಲಿ ತಿಂಗಳು ಮೊದಲು ಬರುವುದರಿಂದ ಇದು ಬಹಳ ಸುಲಭವಾಗಿ ಆಗುವ ತಪ್ಪು.

ನೋಂದಣಿಯ ದಿನ ಪತ್ರ ಕೈಗೆ ಬಂದಾಗ ಸಿಹಿ ಹಂಚುವ ಮುಂಚೆ ಎರಡೂ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಓದಿ. ಅಲ್ಲೇ ತಿದ್ದಿಸುವುದು ಸುಲಭ. ಬಳಿಕ ‘ಎರಡೂ ಹೆಸರು ಒಬ್ಬರದೇ’ ಎಂಬ ಅಫಿಡವಿಟ್ ಮಾಡಿಸಬಹುದು, ಆದರೆ ಅದು ತೇಪೆ. ಈ ಅರ್ಜಿಯಲ್ಲಿ ನಡೆದ ತೇಪೆ ಮುಂದಿನ ಒಸಿಐ ಅರ್ಜಿಯಲ್ಲಿ ಮತ್ತೆ ಪ್ರಶ್ನೆಯಾಗಿ ಏಳುತ್ತದೆ. ಭಾರತೀಯ ಸಂಗಾತಿ ತಮ್ಮ ಪಾಸ್‌ಪೋರ್ಟ್‌ನಲ್ಲಿ ಗಂಡನ ಅಥವಾ ಹೆಂಡತಿಯ ಹೆಸರು ಸೇರಿಸಿಕೊಂಡರೆ ಅರ್ಧ ತಲೆನೋವು ಇಳಿಯುತ್ತದೆ.

ವಿಳಾಸದ್ದು ಬೆಂಗಳೂರಿನದೇ ಕಾಯಿಲೆ. ಹಳೇ ನಂಬರು, ಹೊಸ ನಂಬರು. ಒಂದರಲ್ಲಿ ‘4ನೇ ಮೇನ್, 7ನೇ ಕ್ರಾಸ್’, ಇನ್ನೊಂದರಲ್ಲಿ ‘7ನೇ ಕ್ರಾಸ್, 4ನೇ ಮೇನ್’. ಬಾಡಿಗೆ ಕರಾರಿನಲ್ಲಿ ‘ಎರಡನೇ ಮಹಡಿ’, ಅರ್ಜಿಯಲ್ಲಿ ಮಹಡಿಯೇ ಇಲ್ಲ. ಬೆಸ್ಕಾಂ ಬಿಲ್ ಮನೆ ಮಾಲೀಕರ ಹೆಸರಿನಲ್ಲಿರುತ್ತದೆ. ಕರಾರಿನಲ್ಲಿ ಗಂಡನ ಹೆಸರು ಮಾತ್ರ ಇದ್ದರೆ ಹೆಂಡತಿ ಅಲ್ಲಿ ವಾಸವಿದ್ದಾಳೆಂಬುದಕ್ಕೆ ಆ ಕಾಗದ ಏನನ್ನೂ ಹೇಳುವುದಿಲ್ಲ. ಹೊಸ ಕರಾರು ಮಾಡುವಾಗ ಇಬ್ಬರ ಹೆಸರನ್ನೂ, ವಿದೇಶಿ ಸಂಗಾತಿಯ ಪಾಸ್‌ಪೋರ್ಟ್ ಸಂಖ್ಯೆಯ ಸಮೇತ, ಬಾಡಿಗೆದಾರರೆಂದು ಬರೆಸಿ. ನಮ್ಮಲ್ಲಿ ಕರಾರು 11 ತಿಂಗಳದ್ದು. ಅರ್ಜಿ ಪರಿಶೀಲನೆಯಲ್ಲಿರುವಾಗಲೇ ಅದರ ಅವಧಿ ಮುಗಿಯದಂತೆ ತಾರೀಖು ನೋಡಿಕೊಳ್ಳಿ. ಕರಾರಿನಲ್ಲಿ ವಿಳಾಸ ಹೇಗಿದೆಯೋ ಅದೇ ಸಾಲು, ಅದೇ ಕ್ರಮ ಅರ್ಜಿಯಲ್ಲೂ ಇರಲಿ.

ಅರ್ಜಿಯ ಮೇಲೆ ಸ್ಥಳ ವಿಚಾರಣೆ ನಡೆಯುತ್ತದೆ. ಮದುವೆ ನಿಜವೇ, ಇಬ್ಬರೂ ಒಟ್ಟಿಗೆ ಬಾಳುತ್ತಿದ್ದಾರೆಯೇ, ಹಿನ್ನೆಲೆ ಹೇಗೆ ಎಂಬುದರ ವರದಿ ಹೋಗಬೇಕು. ಠಾಣೆಯಿಂದ ಫೋನ್ ಬಂದಾಗ ಭಯಪಡುವಂಥದ್ದೇನಿಲ್ಲ. ಇಬ್ಬರೂ ಮನೆಯಲ್ಲಿರುವ ಹೊತ್ತನ್ನೇ ಹೇಳಿ. ಒಂದು ಸೆಟ್ ಜೆರಾಕ್ಸ್, ಮದುವೆಯ ಕೆಲವು ಫೋಟೊ, ಇಬ್ಬರ ಹೆಸರೂ ಇರುವ ಬ್ಯಾಂಕ್ ಪಾಸ್‌ಬುಕ್ ಅಥವಾ ಗ್ಯಾಸ್ ಪುಸ್ತಕ ಇದ್ದರೆ ಅದು, ಒಂದು ಕವರಿನಲ್ಲಿ ಸಿದ್ಧವಿರಲಿ. ಮನೆ ಮಾಲೀಕರಿಗೂ ಪಕ್ಕದ ಮನೆಯವರಿಗೂ ಮೊದಲೇ ಒಂದು ಮಾತು ತಿಳಿಸಿ. ಗೊತ್ತಿಲ್ಲದೆ ಪೊಲೀಸರು ಕೇಳಿದಾಗ ‘ನಮಗೇನೂ ಗೊತ್ತಿಲ್ಲ ಸರ್’ ಎಂದುಬಿಡುವುದು ಜನರ ಸಹಜ ಗುಣ, ಆ ಮಾತು ವರದಿಯಲ್ಲಿ ಕೆಟ್ಟದಾಗಿ ಕೂರುತ್ತದೆ. ಕೆಲಸದ ನಿಮಿತ್ತ ಒಬ್ಬರು ಪುಣೆಯಲ್ಲೋ ಹೈದರಾಬಾದಿನಲ್ಲೋ ಇದ್ದರೆ ಮುಚ್ಚಿಡಬೇಡಿ, ಕಂಪನಿಯ ಪತ್ರದ ಸಮೇತ ಇದ್ದದ್ದನ್ನು ಇದ್ದಂತೆ ಹೇಳಿ.

ಗಡುವುಗಳು ಹೀಗೆ. 180 ದಿನಕ್ಕಿಂತ ಹೆಚ್ಚಿನ ವೀಸಾ ಮೇಲೆ ಬಂದವರು ಬಂದ 14 ದಿನದೊಳಗೆ ನೋಂದಾಯಿಸಿಕೊಳ್ಳಬೇಕು. ವಿದೇಶಿಯರು ಮನೆಗೆ ಬಂದು ತಂಗಿದ 24 ಗಂಟೆಯೊಳಗೆ ಆತಿಥೇಯರು ಮಾಹಿತಿ ಸಲ್ಲಿಸಬೇಕು. ಎಲ್ಲರೂ ‘ಸಿ ಫಾರ್ಮ್’ ಎಂದು ಕರೆಯುವ ಇದು ಹೋಟೆಲಿಗಷ್ಟೇ ಅಲ್ಲ, ಅಳಿಯನನ್ನು ಮನೆಯಲ್ಲಿ ಇಳಿಸಿಕೊಂಡ ಅತ್ತೆ ಮಾವನಿಗೂ ಅನ್ವಯಿಸುತ್ತದೆ. ವಿಸ್ತರಣೆಗೆ ಎರಡು ತಿಂಗಳು ಮೊದಲೇ ಅರ್ಜಿ ಹಾಕಿ. ಸ್ಥಳ ವಿಚಾರಣೆ ವಾರದಲ್ಲಿ ಮುಗಿಯುವ ಕೆಲಸವಲ್ಲ.

2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ, 2025 ಜಾರಿಯಲ್ಲಿದೆ. 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೆಯ ಕಾನೂನುಗಳು ಇದರೊಳಗೆ ಕರಗಿವೆ. ವೀಸಾ ಅವಧಿ ಮೀರಿ ಉಳಿದರೆ 3 ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ. ಕೆಲವೇ ದಿನಗಳ ವಿಳಂಬ ದಂಡ ಕಟ್ಟಿಸಿಕೊಂಡು ಇತ್ಯರ್ಥವಾಗುವುದುಂಟು, ಆದರೆ ಆ ದಾಖಲೆ ಮುಂದಿನ ಪ್ರತಿ ಅರ್ಜಿಯಲ್ಲೂ ಎದುರಿಗೆ ಬರುತ್ತದೆ.

ಅವಧಿ ಮೀರುವುದರಲ್ಲಿ ಇನ್ನೊಂದು ಅಪಾಯವಿದೆ. ಗರ್ಭಿಣಿ ಇರುವ ಮನೆಯವರು ಇದನ್ನು ತಿಳಿದಿರಲೇಬೇಕು. 2004ರ ಡಿಸೆಂಬರ್ 3ರಂದು ಅಥವಾ ಅದರ ನಂತರ ಭಾರತದಲ್ಲಿ ಹುಟ್ಟಿದ ಮಗು ಹುಟ್ಟಿನಿಂದ ಭಾರತೀಯ ಆಗಬೇಕಾದರೆ ತಂದೆ ತಾಯಿ ಇಬ್ಬರೂ ಭಾರತೀಯರಾಗಿರಬೇಕು, ಅಥವಾ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಆ ಹೊತ್ತಿಗೆ ‘ಅಕ್ರಮ ವಲಸಿಗ’ ಆಗಿರಬಾರದು. ಸರಿಯಾದ ವೀಸಾ ಮೇಲೆ ಬಂದು ಅವಧಿ ಮೀರಿ ಉಳಿದವರೂ ಕಾಯ್ದೆಯ ಆ ವ್ಯಾಖ್ಯೆಯೊಳಗೆ ಬರುತ್ತಾರೆ. ಹೆರಿಗೆಯ ಸಿದ್ಧತೆಯ ಗಡಿಬಿಡಿಯಲ್ಲಿ ತಾಯಿಯ ವೀಸಾ ಮರೆತರೆ ಮಗುವಿನ ಪೌರತ್ವಕ್ಕೇ ಪೆಟ್ಟು. ಹೆರಿಗೆಯ ತಾರೀಖು ಗೊತ್ತಾದ ದಿನವೇ ವೀಸಾ ಮುಗಿಯುವ ತಾರೀಖನ್ನು ಅದರ ಪಕ್ಕದಲ್ಲಿ ಬರೆದಿಡಿ.

ಎರಡು ವರ್ಷ ತುಂಬಿದ ಮೇಲೆ ಒಸಿಐ. ಭಾರತದಲ್ಲಿ ಶುಲ್ಕ 15,000 ರೂಪಾಯಿ. ಪ್ರವಾಸಿ ವೀಸಾ ಮೇಲಿರುವವರು ಇಲ್ಲಿ ಅರ್ಜಿ ಹಾಕುವಂತಿಲ್ಲ. ತಂದೆ ತಾಯಿ, ಅಜ್ಜ ಅಜ್ಜಿ ಅಥವಾ ಮುತ್ತಜ್ಜರಲ್ಲಿ ಯಾರಾದರೂ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಒಸಿಐ ಸಿಗುವುದಿಲ್ಲ. ಸಂಗಾತಿಯ ಅರ್ಜಿಗೆ ಭದ್ರತಾ ಪರಿಶೀಲನೆ ಕಡ್ಡಾಯ. ಕಾರ್ಡ್ ಬಂದರೆ ವಿಸ್ತರಣೆಯ ಓಡಾಟ ನಿಲ್ಲುತ್ತದೆ, ನೌಕರಿ ಮಾಡಬಹುದು. ಆದರೆ ಮತ ಹಾಕುವಂತಿಲ್ಲ. ಕೃಷಿ ಭೂಮಿ, ತೋಟದ ಮನೆ, ಪ್ಲಾಂಟೇಷನ್ ಕೊಳ್ಳುವಂತಿಲ್ಲ. ಚಿಕ್ಕಮಗಳೂರಿನಲ್ಲಿ ಕಾಫಿ ತೋಟ ಮಾಡುವ ಆಸೆ ಇರುವವರು ಮುಂಗಡ ಕೊಡುವ ಮುಂಚೆ ಇದನ್ನು ನೆನಪಿಡಿ. ಪೌರತ್ವವೇ ಬೇಕೆಂದರೆ ಏಳು ವರ್ಷದ ವಾಸ ಬೇಕು: ಅರ್ಜಿಗೆ ಮುಂಚಿನ 12 ತಿಂಗಳು ಪೂರ್ತಿ ಇಲ್ಲೇ, ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ಆರು ವರ್ಷ.

ಸಂಗಾತಿಯಾಗಿ ಪಡೆದ ಒಸಿಐ ಮದುವೆಗೆ ಅಂಟಿಕೊಂಡೇ ಇರುತ್ತದೆ. ವಿಚ್ಛೇದನವಾದರೆ ಅದನ್ನು ರದ್ದು ಮಾಡುವ ಅಧಿಕಾರ 7ಡಿ ಕಲಮಿನಲ್ಲಿದೆ. ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ ಮೂರು ತಿಂಗಳೊಳಗೆ ಅದರ ಪ್ರತಿ, ಇತ್ತೀಚಿನ ಫೋಟೊ, ಜೊತೆಗೆ ಮದುವೆ ಇನ್ನೂ ಊರ್ಜಿತದಲ್ಲಿದೆ ಎಂಬ ಸ್ವಯಂ ಘೋಷಣೆಯನ್ನು ಒಸಿಐ ಪೋರ್ಟಲ್‌ಗೆ ಏರಿಸಬೇಕು. ಇದಕ್ಕೆ ಶುಲ್ಕವಿಲ್ಲ.