ಸೋಂಕು ತಗುಲದ ಕೋಶಗಳು ಏಕೆ ಸಾಯುತ್ತವೆ?

‘ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ, ವೈರಲ್ ಲೋಡ್ ಕಾಣದಷ್ಟು ಇಳಿದಿದೆ. ಆದರೂ ಸಿಡಿ4 ಮುನ್ನೂರು ದಾಟುತ್ತಿಲ್ಲವಲ್ಲ?’ ಕೋಲಾರದ ಎಆರ್‌ಟಿ, ಅಂದರೆ ಎಚ್‌ಐವಿ ಔಷಧದ, ಸಾಲಿನಲ್ಲಿ ನಿಂತವರಿಗೆ ಈ ಪ್ರಶ್ನೆ ಹೊಸದಲ್ಲ. ವೈರಲ್ ಲೋಡ್ ಎಂದರೆ ರಕ್ತದಲ್ಲಿರುವ ವೈರಸ್‌ನ ಪ್ರಮಾಣ; ಸಿಡಿ4 ಎಂದರೆ ಸೋಂಕಿನ ವಿರುದ್ಧ ಕಾಯುವ ಬಿಳಿ ರಕ್ತಕೋಶಗಳು, ಅವುಗಳ ಎಣಿಕೆ.

1983ರಲ್ಲಿ ಎಚ್‌ಐವಿ ವೈರಸ್ ಸಿಕ್ಕಾಗ ಲೆಕ್ಕ ಸುಲಭವಿತ್ತು: ವೈರಸ್ ಸಿಡಿ4 ಕೋಶಕ್ಕೆ ನುಗ್ಗುತ್ತದೆ, ಕೋಶ ಸಾಯುತ್ತದೆ. ಆದರೆ ರಕ್ತದಲ್ಲಿ ಹುಡುಕಿದರೆ ಸೋಂಕಿತ ಕೋಶ ನೂರಕ್ಕೆ ಒಂದೂ ಸಿಗದು. 1995ರಲ್ಲಿ ಅಮೆರಿಕದ ಸಂಶೋಧಕರಾದ ಡೇವಿಡ್ ಹೋ ಮತ್ತು ಜಾರ್ಜ್ ಶಾ ತಂಡಗಳು ಕೋಶಗಳು ದಿನವೂ ಅಪಾರ ಸಂಖ್ಯೆಯಲ್ಲಿ ಸತ್ತು ಹುಟ್ಟುತ್ತವೆ ಎಂದವು. ನಮ್ಮ ಕಡೆಯ ಮಾತಲ್ಲಿ, ತೂಬು ಮುಚ್ಚದ ಕೆರೆ. ತೂಬು ಎತ್ತಿದ್ದು ಯಾರು ಎಂಬುದು ಮಾತ್ರ ಉಳಿಯಿತು.

ಸುಳಿವು ಕೊಟ್ಟದ್ದು ಪಶ್ಚಿಮ ಆಫ್ರಿಕಾದ ಸೂಟಿ ಮ್ಯಾಂಗಬಿ ಕೋತಿ. ಮೈತುಂಬ ಎಸ್‌ಐವಿ (ಎಚ್‌ಐವಿಯ ಕೋತಿ ಸೋದರ) ಇದ್ದರೂ ಅದಕ್ಕೆ ಏಡ್ಸ್ ಬರುವುದು ತೀರ ಅಪರೂಪ. ಸೋಂಕಿನ ಮೊದಲ ವಾರಗಳು ಕಳೆದ ಮೇಲೆ ಅದರ ರೋಗನಿರೋಧಕ ವ್ಯವಸ್ಥೆ ಶಾಂತವಾಗುತ್ತದೆ. ನಮ್ಮದು ಆಗುವುದಿಲ್ಲ. ಮುಂದುವರಿದ ಸೋಂಕಿನಲ್ಲಿ ಆಯುಷ್ಯದ ಸುಳಿವು ವೈರಲ್ ಲೋಡ್‌ಗಿಂತ ಸಿಡಿ38 ಎಂಬ ಪ್ರಚೋದನೆಯ ಗುರುತಿನಲ್ಲೇ ಹೆಚ್ಚು ಸಿಗುತ್ತದೆ ಎಂದು 1999ರಲ್ಲೇ ಕಂಡುಬಂದಿತ್ತು.

ಈ ಗಲಾಟೆ ನಿಲ್ಲದಿರಲು ಒಂದು ಕಾರಣ ಕರುಳಿನಲ್ಲಿದೆ. ಸೋಂಕು ತಗುಲಿದ ಕೆಲವೇ ವಾರಗಳಲ್ಲಿ ಕರುಳಿನ ಸಿಡಿ4 ಕೋಶಗಳು ಬಹುಪಾಲು ಖಾಲಿ. ಒಳಪದರ ಸೋರತೊಡಗಿ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕಿಳಿಯುತ್ತವೆ. ಇದನ್ನು 2006ರಲ್ಲಿ ತೋರಿಸಲಾಯಿತು. ಆ ಚೂರುಗಳಿಗೆ ಎಚ್ಚೆತ್ತ ಕೋಶವೇ ವೈರಸ್‌ಗೆ ಒಳ್ಳೆಯ ಮನೆ. ಉಳಿದವು ವಿಭಜಿಸಿ ವಿಭಜಿಸಿ ಸಾಯುತ್ತವೆ. ದುಗ್ಧಗ್ರಂಥಿಯಲ್ಲಿ ಕೊಲಾಜನ್ ಎಂಬ ನಾರು ಕಲೆಗಟ್ಟಿ, ಕೋಶಗಳನ್ನು ಬದುಕಿಸುವ ಐಎಲ್-7 ಎಂಬ ಪ್ರೋಟೀನ್ ಕೈಗೆಟುಕದಾಗುತ್ತದೆ.

2014ರಲ್ಲಿ ಅಮೆರಿಕದ ಸಂಶೋಧಕ ವಾರ್ನರ್ ಗ್ರೀನ್ ಅವರ ತಂಡ ಕೋಶಗಳ ಸಾವನ್ನು ಟಾನ್ಸಿಲ್‌ನಂಥ ಅಂಗಾಂಶದಲ್ಲಿ ಹತ್ತಿರದಿಂದ ನೋಡಿತು. ವಿಶ್ರಾಂತಿಯಲ್ಲಿರುವ ಕೋಶಕ್ಕೆ ಹೊಕ್ಕ ವೈರಸ್‌ನ ನಕಲು ಅರ್ಧಕ್ಕೇ ನಿಲ್ಲುತ್ತದೆ. ಆ ತುಂಡು ಡಿಎನ್‌ಎಯನ್ನು ಕೋಶದ ಐಎಫ್‌ಐ16 ಎಂಬ ಪ್ರೋಟೀನ್ ಗುರುತಿಸುತ್ತದೆ, ಕ್ಯಾಸ್ಪೇಸ್-1 ಎಂಬ ಕಿಣ್ವ ಏಳುತ್ತದೆ, ಕೋಶ ಒಡೆದು ಉರಿಯೂತದ ರಸ ಚೆಲ್ಲುತ್ತದೆ. ಅದು ಇನ್ನಷ್ಟು ಕೋಶಗಳನ್ನು ಕರೆತರುತ್ತದೆ, ಅವೂ ಅದೇ ಗತಿ. ಅಲ್ಲಿ ಸತ್ತವುಗಳಲ್ಲಿ 95%ಕ್ಕೂ ಹೆಚ್ಚು ಹೀಗೆ ಪೂರ್ತಿ ಸೋಂಕಾಗದವೇ. ವೈರಸ್ ಕಿಡಿ ಹಚ್ಚುತ್ತದೆ, ಬಣವೆ ನಮ್ಮದೇ.

2004ರಲ್ಲಿ ಭಾರತದಲ್ಲಿ ಉಚಿತ ಎಆರ್‌ಟಿ ಶುರುವಾದಾಗ ಸಿಡಿ4 200ಕ್ಕಿಂತ ಕೆಳಗಿಳಿಯಲೆಂದು ಕಾಯುತ್ತಿದ್ದೆವು. ಮಿತಿ 350, ಆಮೇಲೆ 500 ಆಯಿತು. 2017ರಿಂದ ಪರೀಕ್ಷೆಯಲ್ಲಿ ಪತ್ತೆಯಾದ ಎಲ್ಲರಿಗೂ ಮಾತ್ರೆ. ಕಾದ ವರ್ಷಗಳ ಕಲೆ ಅನೇಕರ ಗ್ರಂಥಿಗಳಲ್ಲಿ ಈಗಲೂ ಇದೆ. ವೈರಲ್ ಲೋಡ್ ಇಳಿದೂ ಸಿಡಿ4 ಏರದ ಅಂಥವರಿಗೆ ಎಆರ್‌ಟಿ ಮಾತ್ರೆ ಬದಲಿಸಿ ಪ್ರಯೋಜನವಿಲ್ಲ. ನೋಡಬೇಕಾದ್ದು ಕ್ಷಯ, ಬಿಪಿ, ಬೀಡಿ. ಸಿಡಿ4 ರಕ್ತವನ್ನು ಪ್ರತಿ ಸಲ ಒಂದೇ ಹೊತ್ತಿಗೆ ಕೊಡಿ. ಜ್ವರವಿದ್ದ ದಿನದ ಅಂಕಿ ನಂಬಬೇಡಿ.